ಒಂದು ಹಳೆಯ ಆಂಪ್ಲಿಫೈಯರಿನ ಪೂರ್ವಕಥೆ

ಉಚ್ಚಿಲದ ನಮ್ಮ ಮನೆಯ ಅಟ್ಟದ ಮೇಲೆ ಬಹುಕಾಲ ಒಂದು ಆಂಪ್ಲಿಫೈಯರ್ ಬಟ್ಟೆ ಸುತ್ತಿಕೊಂಡು ಮಲಗಿತ್ತು. 1982ರಲ್ಲಿ ನನ್ನ ಭಾವನವರು ಸೌದಿ ಅರೇಬಿಯದಿಂದ ರಜೆಯಲ್ಲಿ ಬಂದಾಗ ತಂದದ್ದು, ಜಪಾನಿನಲ್ಲಿ ತಯಾರಾದದ್ದು, ಕನ್ನಡಿಯಂತೆ ಹೊಳೆಯುವ ಮುಖದ್ದು. ನೆರೆಕರೆಯವರೆಲ್ಲ ಜಗಲಿಯಲ್ಲಿ ನೆರೆದಿದ್ದರು. ಮನೆಯಲ್ಲಿ ಹೆಚ್ಚು ಓದಿದವನೆಂಬ ಬಿಗುಮಾನದಿಂದ ಅದರ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದವನು ನಾನು. ಹಿಂಬದಿಯಲ್ಲಿ ವೋಲ್ಟೇಜ್ ಬದಲಿಸುವ ಪುಟ್ಟ ತಿರುಗಣೆಯೊಂದಿತ್ತು. ಅದು 120ರಲ್ಲಿ ನಿಂತಿತ್ತು. ನಮ್ಮ ಮನೆಯ ಕರೆಂಟು 230. ಕ್ಷಣಕಾಲ ಗುಂಯ್ಯೆಂಬ ಸದ್ದು, ಬಳಿಕ ಹೊಗೆ, ಬಳಿಕ ವಾರ್ನಿಷು ಸುಟ್ಟ ವಾಸನೆ. ಭಾವನವರು, "ಹೋಗಲಿ ಬಿಡು ಮಾರಾಯ, ಪೆಟ್ಟಿಗೆಯಾದರೂ ಚೆಂದ ಉಂಟಲ್ಲ" ಎಂದು ನಕ್ಕರು. ಅವರು ಎಷ್ಟು ತಿಂಗಳ ಓವರ್‌ಟೈಮಿನಲ್ಲಿ ಅದನ್ನು ಕೊಂಡಿದ್ದರೆಂದು ಅಕ್ಕ ನನಗೆ ಹೇಳಿದ್ದು ಬಹಳ ವರ್ಷಗಳ ಅನಂತರ.

ಭಾವನವರು ಈಗಿಲ್ಲ. ಊರಿನ ತಾಳಮದ್ದಳೆಯ ಕೂಟಗಳಲ್ಲಿ ಅವರು ಅರ್ಥ ಹೇಳಿದ ಐದು ಕ್ಯಾಸೆಟ್ಟುಗಳು ಅಕ್ಕನ ಪೆಟ್ಟಿಗೆಯಲ್ಲಿವೆ. ಒಂದನ್ನು ಮೊಮ್ಮಗ ಮೊಬೈಲಿಗೆ ಇಳಿಸಿಕೊಟ್ಟಿದ್ದ. ಕಳೆದ ಮಳೆಗಾಲದಲ್ಲಿ ಅಕ್ಕ, "ಇದು ಅವರ ಸ್ವರವೇ ಅಲ್ಲ ತಮ್ಮ, ಯಾರೋ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ. ಒಮ್ಮೆ ಸರಿಯಾಗಿ ಕೇಳಬೇಕಿತ್ತು" ಎಂದಳು. ನಲವತ್ತು ವರ್ಷಗಳ ಹಿಂದಿನ ಸಾಲ ನೆನಪಿಗೆ ಬಂತು. ಹಾಗೆ ನಾನೊಂದು ಹಳೆಯ ಸ್ಟೀರಿಯೋ ಆಂಪ್ಲಿಫೈಯರನ್ನು ಹುಡುಕಲು ಹೊರಟೆ. ಸಾಹಿತ್ಯಚರಿತ್ರೆಯನ್ನು ಪಾಠ ಹೇಳಿ ನಿವೃತ್ತನಾದವನಿಗೆ ಯಾವ ವಸ್ತುವನ್ನೂ ಅದರ ಕುಲಗೋತ್ರ ವಿಚಾರಿಸದೆ ಮನೆಗೆ ತರಲು ಮನಸ್ಸಾಗುವುದಿಲ್ಲ. ಆ ವಿಚಾರಣೆಯ ಫಲವೇ ಈ ಭಾಷಣ.

ಮೊದಲು ಹೆಸರಿನ ಮಾತು. ನಾವು 'ಧ್ವನಿವರ್ಧಕ'ವೆಂದು ಕರೆಯುವುದು ತೆಂಗಿನ ಮರಕ್ಕೆ ಕಟ್ಟಿದ ತುತ್ತೂರಿಯನ್ನು. ನಿಜಕ್ಕೂ ವರ್ಧಿಸುವುದು ಅದಲ್ಲ; ಕೆಳಗೆ ಮೇಜಿನ ಮೇಲೆ ಯಾರ ಕಣ್ಣಿಗೂ ಬೀಳದೆ ಬಿಸಿಯಾಗುತ್ತ ಕುಳಿತ ಪೆಟ್ಟಿಗೆ. ಕೀರ್ತಿ ವೇಷಧಾರಿಗೆ, ಶ್ರಮ ಚೌಕಿಯವರಿಗೆ ಎಂಬಂತೆ.

ಈ ಪೆಟ್ಟಿಗೆಯ ಮೂಲಪುರುಷ ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ರೂಪಿಸಿದ ವಾಲ್ವು. ಕ್ಷೀಣವಾದ ವಿದ್ಯುತ್ ಸಂಕೇತವೊಂದು ದೊಡ್ಡ ಪ್ರವಾಹವನ್ನು ತನ್ನ ತಾಳಕ್ಕೆ ಕುಣಿಸಬಹುದೆಂಬುದು ಅದರಿಂದ ಸಿದ್ಧವಾಯಿತು. ನಮ್ಮ ನಾಡಿನಲ್ಲಿ 1935ರಲ್ಲಿ ಮೈಸೂರಿನ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿ 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದಾಗ ಕೆಲಸ ಮಾಡಿದ್ದೂ ವಾಲ್ವುಗಳೇ. ದೇಶ ಸ್ವತಂತ್ರವಾದ 1947 ಆಂಪ್ಲಿಫೈಯರಿನ ಚರಿತ್ರೆಯಲ್ಲಿಯೂ ದೊಡ್ಡ ವರ್ಷ. ಆ ವರ್ಷದ ವಸಂತದಲ್ಲಿ ಬ್ರಿಟನ್ನಿನ ವಿಲಿಯಮ್‌ಸನ್ ಎಂಬ ಎಂಜಿನಿಯರರು 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಕೇವಲ 15 ವ್ಯಾಟಿನ ವಾಲ್ವ್ ಆಂಪ್ಲಿಫೈಯರಿನ ನಕ್ಷೆಯನ್ನು ಪ್ರಕಟಿಸಿದರು. ಮನೆಯಲ್ಲಿ ಕುಳಿತು ಸಂಗೀತವನ್ನು ಯಥಾವತ್ತಾಗಿ ಕೇಳಬೇಕೆಂಬ ಹಂಬಲಕ್ಕೆ ಅದು ಲಕ್ಷಣಗ್ರಂಥವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ವಾಲ್ವಿಗೆ ಪಟ್ಟಾಭಿಷೇಕವಾದ ವರ್ಷವೇ ಅದರ ದಾಯಾದಿಯೂ ಕಣ್ಣುಬಿಟ್ಟಿತು! ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ವಾಲ್ವು, ಟ್ರಾನ್ಸಿಸ್ಟರುಗಳೆರಡನ್ನೂ ಮಾಡತೊಡಗಿತು. ನಮ್ಮ ಕಡೆಯ ರೇಡಿಯೋ ರಿಪೇರಿಯವರ ಡಬ್ಬಿಗಳಲ್ಲಿ ಆ ಕಾರ್ಖಾನೆಯ ಬಿಡಿಭಾಗಗಳು ಇಂದಿಗೂ ಸಿಗುತ್ತವೆ.

ಆದರೆ ಕರಾವಳಿಯ ಮನೆಗಳಿಗೆ ಉತ್ತಮ ಆಂಪ್ಲಿಫೈಯರು ಬಂದದ್ದು ಅಂಗಡಿಯಿಂದಲ್ಲ, ಹಡಗು ವಿಮಾನಗಳಲ್ಲಿ ಬಂದ ಗಂಟುಮೂಟೆಗಳಿಂದ. ಆಮದಿಗೆ ಕಟ್ಟುನಿಟ್ಟಿನ ತಡೆಯಿದ್ದ ಕಾಲ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮವರು 1973ರ ತೈಲದ ಬೆಲೆಯೇರಿಕೆಯ ಬಳಿಕ ಕೊಲ್ಲಿಯ ದಾರಿ ಹಿಡಿದರು. ಕಾಪು, ಪಡುಬಿದ್ರಿ, ಉಚ್ಚಿಲಗಳ ಎಷ್ಟೋ ಮನೆಗಳಿಗೆ ಜಪಾನಿನ ಸ್ಟೀರಿಯೋಗಳು ಬಂದದ್ದು ಹೀಗೆ. 1991ರ ಉದಾರೀಕರಣದ ಬಳಿಕ ಪ್ಲಾಸ್ಟಿಕ್ಕಿನ 'ಮ್ಯೂಸಿಕ್ ಸಿಸ್ಟಂ'ಗಳು ಬಂದವು, ಆಮೇಲೆ ಮೊಬೈಲು ಬಂತು. ಭಾರದ ಪೆಟ್ಟಿಗೆಗಳು ಗುಜರಿಗೂ ರಿಪೇರಿಯಂಗಡಿಗೂ ಇಳಿದವು. ಇಂದು ಉಡುಪಿಯಲ್ಲಿ ಹಳೆಯ ಆಂಪ್ಲಿಫೈಯರನ್ನು ಕೊಳ್ಳುವವನು ಯಾರೋ ಒಬ್ಬರ ಪರದೇಶವಾಸದ ವರ್ಷಗಳನ್ನು ಕೊಳ್ಳುತ್ತಾನೆ.

ವ್ಯಾಟಿನ ವಿಷಯದಲ್ಲಿ ಎಚ್ಚರ ಬೇಕು. 1970ರ ಆಸುಪಾಸಿನಲ್ಲಿ ಅಮೆರಿಕದ ತಯಾರಕರು ಬಾಯಿಗೆ ಬಂದ ಸಂಖ್ಯೆಯನ್ನು ಹೇಳತೊಡಗಿದ್ದರಿಂದ ಅಲ್ಲಿಯ ಸರಕಾರ 1974ರಲ್ಲಿ ನಿಯಮ ಮಾಡಬೇಕಾಯಿತು: ಶಕ್ತಿಯನ್ನು ಕ್ಷಣಿಕವಾಗಿ ಅಲ್ಲ, ನಿರಂತರವಾಗಿ ಅಳೆದು ಹೇಳಬೇಕು. ಆ ಬಳಿಕದ ದಶಕದ ಒಳ್ಳೆಯ ಯಂತ್ರಗಳ ಸಂಖ್ಯೆಗಳನ್ನು ಬಹುಮಟ್ಟಿಗೆ ನಂಬಬಹುದು. ನಮ್ಮಲ್ಲಿ 1990ರ ದಶಕದ ಡಬ್ಬಿಗಳ ಮೇಲೆ ಅಚ್ಚಾಗಿದ್ದ 'ಪಿಎಂಪಿಒ' ಸಾವಿರ ವ್ಯಾಟುಗಳು ಶುದ್ಧ ಉತ್ಪ್ರೇಕ್ಷಾಲಂಕಾರ. ವ್ಯಾಟು ಇಮ್ಮಡಿಯಾದರೆ ಹೆಚ್ಚುವುದು ಮೂರೇ ಡೆಸಿಬೆಲ್; ಕಿವಿಗೆ ಇಮ್ಮಡಿಯೆನಿಸಲು ಸುಮಾರು ಹತ್ತುಪಟ್ಟು ಶಕ್ತಿ ಬೇಕು. ಮನೆಯ ಕೋಣೆಯಲ್ಲಿ ಬಹುಪಾಲು ಹೊತ್ತು ಖರ್ಚಾಗುವುದು ಒಂದೆರಡು ವ್ಯಾಟು. ಉಳಿದದ್ದು ಚೆಂಡೆಯ ಪೆಟ್ಟಿಗೆಂದು ಇಟ್ಟ ಕಾಪುಧನ. 1978ರಲ್ಲಿ ಬಂದು ಜಗತ್ತಿನಾದ್ಯಂತ ಹೆಸರಾದ ಎನ್‌ಎಡಿ 3020 ಎಂಬ ಆಂಪ್ಲಿಫೈಯರಿನ ಘೋಷಿತ ಶಕ್ತಿ ಇಪ್ಪತ್ತೇ ವ್ಯಾಟು.

ಉಡುಪಿಯ ರಿಪೇರಿಯವರೊಬ್ಬರು ನನ್ನ ಮುಂದೆ ಮೂರು ಪೆಟ್ಟಿಗೆಗಳನ್ನಿಟ್ಟರು. ಒಂದು ನೂರು ವ್ಯಾಟಿನ ಪವರ್ ಆಂಪ್ಲಿಫೈಯರು. ಅದಕ್ಕೆ ಸ್ವರ ಏರಿಳಿಸುವ ತಿರುಗಣೆಯೇ ಇಲ್ಲ, ಮುಂದೆ ಪ್ರೀ-ಆಂಪ್ಲಿಫೈಯರು ಬೇರೆ ಬೇಕು. ಮುಚ್ಚಳ ತೆಗೆಸಿದಾಗ ಒಂದು ಬದಿಯ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಬೇರೆಯೇ ಜಾತಿಯವು. "ಬೇಡ ಮಾಷ್ಟ್ರೆ, ಅದು ಒಮ್ಮೆ ಸತ್ತು ಎದ್ದದ್ದು" ಎಂದು ಅವರೇ ಒಪ್ಪಿಕೊಂಡರು. ಇನ್ನೊಂದು ವಾಲ್ವಿನದು, ಆಸೆಯಾಯಿತು, ಆದರೆ ವಾಲ್ವಿನ ಬೆಲೆ ಕೇಳಿ ಆಸೆ ಇಳಿಯಿತು. ಮೂರನೆಯದು ಮೂವತ್ತು ವ್ಯಾಟಿನ, ಪ್ರೀ-ಆಂಪ್ಲಿಫೈಯರೂ ಒಳಗೇ ಇದ್ದ, ಮುಖ ಮಂಕಾದ ಪೆಟ್ಟಿಗೆ. ನಾನು ಮೊದಲು ನೋಡಿದ್ದು ಹಿಂಬದಿಯ ವೋಲ್ಟೇಜ್ ತಿರುಗಣೆಯನ್ನು. 240ರಲ್ಲಿತ್ತು. ಆದರೂ ಸೀರೀಸಿನಲ್ಲಿ ಬಲ್ಬು ಹಾಕಿಯೇ ಕರೆಂಟು ಕೊಡಿರೆಂದೆ. ಬಲ್ಬು ಒಮ್ಮೆ ಹೊಳೆದು ಮಂಕಾಯಿತು. ಒಳಗೆ ಶಾರ್ಟ್ ಇದ್ದಿದ್ದರೆ ಉರಿಯುತ್ತಲೇ ಇರುತ್ತಿತ್ತು. ಕೆಲವು ಸೆಕೆಂಡುಗಳ ಬಳಿಕ ರಿಲೇ 'ಟಿಕ್' ಎಂದಿತು. ಸ್ಪೀಕರು ಜೋಡಿಸುವ ಮೊದಲು ಅದರ ತುದಿಗಳಲ್ಲಿ ಮಲ್ಟಿಮೀಟರಿಟ್ಟು ಡಿಸಿ ನೋಡಿದರು: ಒಂದರಲ್ಲಿ 12, ಇನ್ನೊಂದರಲ್ಲಿ 18 ಮಿಲಿವೋಲ್ಟು. ಐವತ್ತರೊಳಗಿದ್ದರೆ ಸ್ಪೀಕರಿಗೆ ಭಯವಿಲ್ಲ. ತಿರುಗಣೆ ತಿರುಗಿಸಿದರೆ ಮಾತ್ರ ಕರಕರ. ನಮ್ಮ ಕಡಲಿನ ಉಪ್ಪುಗಾಳಿ ತಾಮ್ರವನ್ನೂ ಬಿಡುವುದಿಲ್ಲ, ಬೆಳ್ಳಿಯನ್ನೂ ಬಿಡುವುದಿಲ್ಲ. ಇದು ತೊಳೆದರೆ ಹೋಗುವ ರೋಗ. ವಯಸ್ಸಾಗಿ ಒಣಗುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಬದಲಿಸಿಕೊಡಲು ಹೇಳಿದೆ.

ಕೊನೆಯ ಪರೀಕ್ಷೆ ಕಿವಿಯದು. ತಾಳಮದ್ದಳೆಯ ಆ ಕ್ಯಾಸೆಟ್ಟುಗಳು ಒಂದೇ ಮೈಕಿನ ಮುದ್ರಣ. ಅವಕ್ಕೆ ಸ್ಟೀರಿಯೋ ಏಕೆಂದು ನೀವು ಕೇಳಬಹುದು. ಅಂಥ ಮುದ್ರಣವೇ ಸ್ಟೀರಿಯೋ ಆಂಪ್ಲಿಫೈಯರಿನ ಒರೆಗಲ್ಲು. ಎರಡೂ ಬದಿ ಸರಿಸಮವಾಗಿದ್ದರೆ ಮಾತು ಎರಡು ಸ್ಪೀಕರುಗಳ ನಟ್ಟನಡುವೆ, ಏನೂ ಇಲ್ಲದ ಜಾಗದಿಂದ ಬರಬೇಕು. ಒಂದು ಬದಿ ಬಡವಾದರೆ ಮಾತು ಇನ್ನೊಂದು ಬದಿಗೆ ವಾಲುತ್ತದೆ. ಮದ್ದಳೆಯ ಎಡಮುಚ್ಚಿಗೆಯ ಗುಂಕಾರ ಮಸುಕಾಗಬಾರದು, ಜಾಗಟೆ ಕಿವಿಗೆ ಚುಚ್ಚಬಾರದು.

ಅಕ್ಕನ ಮನೆಯ ಚಾವಡಿಯಲ್ಲಿ ಅದನ್ನು ಜೋಡಿಸಿದ ದಿನ ಪ್ಲಗ್ಗು ಸಿಕ್ಕಿಸುವಾಗ ನನ್ನ ಕೈ ಸ್ವಲ್ಪ ನಡುಗಿತು. ಕ್ಯಾಸೆಟ್ಟು ತಿರುಗಿತು. ಭಾಗವತರ ಪದ ಮುಗಿಯಿತು, ಮದ್ದಳೆ ನಿಂತಿತು. ಎರಡು ಸ್ಪೀಕರುಗಳ ನಡುವಿನ ಖಾಲಿ ಗೋಡೆಯ ಬಳಿ ಯಾರೋ ಮೆಲ್ಲಗೆ ಗಂಟಲು ಸರಿಪಡಿಸಿಕೊಂಡರು. ಮೊಬೈಲಿನಲ್ಲಿ ಆ ಸದ್ದು ಕೇಳಿಸಿರಲೇ ಇಲ್ಲ.

"ಅಂದು ಅವರಿಗೆ ಶೀತ ಆಗಿತ್ತು" ಎಂದಳು ಅಕ್ಕ. "ಬೇಡವೆಂದರೂ ಹೋಗಿದ್ದರು."

ಇನ್ನು ನಾಲ್ಕು ಕ್ಯಾಸೆಟ್ಟುಗಳಿವೆ. ಒಂದರ ಟೇಪಿಗೆ ಬೂಷ್ಟು ಹಿಡಿದಿದೆ. ಅದನ್ನು ಶುಚಿ ಮಾಡುವವರನ್ನು ಹುಡುಕುತ್ತಿದ್ದೇನೆ.