ಕೈ ಹೋದರೆ ಬೆಲೆ ಎಷ್ಟು? ಹಾವೇರಿ ಸೀಮೆಯ ದುಡಿಮೆಗಾರರು ಮತ್ತು ಪರಿಹಾರದ ಕಾಯಿದೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಏಲಕ್ಕಿ ಮಾಲೆ, ಹತ್ತಿ ಮತ್ತು ಕೆಂಪು ಮೆಣಸಿನಕಾಯಿ. ಪಠ್ಯಪುಸ್ತಕಗಳು ಬೆಳೆಯ ಹೆಸರು ಹೇಳಿ ಮುಂದೆ ಸಾಗಿಬಿಡುತ್ತವೆ. ಹೊಲದಿಂದ ಹೊರಟ ಬೆಳೆ ಪೇಟೆಯನ್ನು ದಾಟಿ ಹೋಗುವ ಮುನ್ನ ಹತ್ತಾರು ಕೈಗಳನ್ನು ದಾಟಬೇಕು. ಬಿಡಿಸಿದ ಹತ್ತಿಯನ್ನು ಜಿನ್ನಿಂಗ್ ಯಂತ್ರಕ್ಕೆ ಉಣಿಸುವ ಕೈ, ಅಂಡಿಗೆ ಹೊರುವ ಹಮಾಲನ ಬೆನ್ನು, ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸಿನ ಬೆರಳು, ಇವೆಲ್ಲ ಆ ದಾರಿಯಲ್ಲಿವೆ. ಇವುಗಳಲ್ಲಿ ಒಂದು ಕೈ ಯಂತ್ರಕ್ಕೆ ಸಿಕ್ಕಿ ಹೋದರೆ ಅದರ ಬೆಲೆ ಎಷ್ಟು, ಅದನ್ನು ಯಾರು ಕೊಡಬೇಕು? ಈ ಪ್ರಶ್ನೆಗೆ ಕಾಯಿದೆ ನೂರು ವರ್ಷಗಳಲ್ಲಿ ಕೊಟ್ಟ ಉತ್ತರಗಳು ಒಂದೇ ತೆರನಾಗಿಲ್ಲ. ಪರಿಹಾರದ ಮೊತ್ತ ಏರುತ್ತ ಬಂದುದನ್ನು ಎಲ್ಲರೂ ಹೇಳುತ್ತಾರೆ. ಆದರೆ ‘ಕೆಲಸಗಾರ’ ಎಂಬ ಶಬ್ದದೊಳಗೆ ಯಾರು ಸೇರುತ್ತಾರೆ ಎಂಬುದು ಬದಲಾಗುತ್ತ ಬಂದ ಬಗೆಯೇ ಈ ಸೀಮೆಯ ಮಟ್ಟಿಗೆ ಹೆಚ್ಚು ಮಹತ್ವದ್ದು.

ಮೊದಲು ಹಳೆಯ ಸ್ಥಿತಿಯನ್ನು ನೋಡೋಣ. ಕೂಲಿಗೆ ಒಪ್ಪಿ ಬಂದವನು ಕೆಲಸದ ಅಪಾಯಕ್ಕೂ ಒಪ್ಪಿಯೇ ಬಂದಿದ್ದಾನೆ, ಜೊತೆಗಾರನ ತಪ್ಪಿನಿಂದ ಗಾಯವಾದರೆ ಮಾಲೀಕ ಹೊಣೆಯಲ್ಲ. ಇದು 1837ರ ಒಂದು ಮೊಕದ್ದಮೆಯಿಂದ ಆರಂಭವಾಗಿ ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಬೇರೂರಿದ ತತ್ವ. ನಮ್ಮಲ್ಲಿ 1855ರ ಮಾರಕ ಅಪಘಾತಗಳ ಕಾಯಿದೆಯ ಪ್ರಕಾರ ಸತ್ತವನ ಹೆಂಡತಿ ಮಕ್ಕಳು ದಾವೆ ಹೂಡಬಹುದಿತ್ತು. ಆದರೆ ಮಾಲೀಕನ ತಪ್ಪನ್ನು ಅವರೇ ರುಜುವಾತುಪಡಿಸಬೇಕು. ವಕೀಲರ ಫೀಜು ಎಲ್ಲಿಂದ ಬರಬೇಕು? ಅದೇ ಧಣಿಯ ಕೈಕೆಳಗೆ ದುಡಿಯುವ ಜೊತೆಗಾರರಲ್ಲಿ ಸಾಕ್ಷಿ ನುಡಿಯುವವರು ಯಾರು? ಹಕ್ಕು ಕಾಗದದಲ್ಲಿ ಉಳಿಯಿತು.

1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ಒಂದು ಮನವಿ ಸಿದ್ಧಪಡಿಸಿದರು. ಅದಕ್ಕೆ ಸುಮಾರು 5,500 ಮಂದಿ ಸಹಿ ಮಾಡಿದ್ದರು. ವಾರಕ್ಕೊಂದು ರಜೆ, ನಡುಹೊತ್ತಿನಲ್ಲಿ ಅರ್ಧ ಗಂಟೆ ಬಿಡುವು ಎಂಬ ಬೇಡಿಕೆಗಳ ಜೊತೆಗೆ ಇನ್ನೊಂದು ಮಾತೂ ಅದರಲ್ಲಿತ್ತು. ಕೆಲಸದಲ್ಲಿ ಗಾಯಗೊಂಡವನಿಗೆ ಗುಣವಾಗುವವರೆಗೆ ಪೂರ್ಣ ಕೂಲಿ ಕೊಡಬೇಕು, ಜೀವನಪೂರ್ತಿ ಊನವಾದರೆ ಅವನ ಹೊಟ್ಟೆಪಾಡಿಗೆ ವ್ಯವಸ್ಥೆ ಮಾಡಬೇಕು. ಅದೇ 1884ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ಸರ್ಕಾರ ಅಪಘಾತ ವಿಮೆಯ ಕಾನೂನನ್ನೇ ಜಾರಿಗೆ ತಂದಿತು. ಬ್ರಿಟನ್ 1897ರಲ್ಲಿ ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವ ಕಾಯಿದೆ ಮಾಡಿತು. ಲೋಖಂಡೆಯವರ ಮನವಿಗೆ ಭಾರತದಲ್ಲಿ ಉತ್ತರ ಬರಲು 39 ವರ್ಷ ಹಿಡಿಯಿತು.

ಆ ಉತ್ತರವೇ 1923ರ ಕಾರ್ಮಿಕರ ಪರಿಹಾರ ಕಾಯಿದೆ. ಅದು 1924ರ ಜುಲೈ 1ರಂದು ಜಾರಿಗೆ ಬಂತು. ಇಂದಿನ ಹಾವೇರಿ ಜಿಲ್ಲೆಯ ಈ ಮೂರು ಊರುಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಆದ್ದರಿಂದ ಬ್ರಿಟಿಷ್ ಇಂಡಿಯಾದ ಈ ಕಾಯಿದೆ ಇಲ್ಲಿಗೆ ನೇರವಾಗಿ ಅನ್ವಯಿಸಿತು. ತುಂಗಭದ್ರೆಯನ್ನು ದಾಟಿದರೆ ಹರಿಹರ. ಅದು ಮೈಸೂರು ಸಂಸ್ಥಾನ. ಅಲ್ಲಿ ಮಹಾರಾಜರ ಸರ್ಕಾರವೇ ಪ್ರತ್ಯೇಕ ಕಾನೂನು ಮಾಡಬೇಕಾಗಿತ್ತು. ಒಂದೇ ಹೊಳೆಯ ಎರಡು ದಂಡೆ, ಒಂದೇ ಭಾಷೆ, ಬೇರೆ ಬೇರೆ ಕಾನೂನು. ಏಕೀಕರಣದ ಇತಿಹಾಸ ಓದುವವರು ಇಂಥ ಸಣ್ಣ ಸಂಗತಿಗಳನ್ನೂ ಗಮನಿಸುವುದು ಒಳ್ಳೆಯದು.

1923ರ ಲೆಕ್ಕ ಹೀಗಿತ್ತು. ವಯಸ್ಕ ಕೆಲಸಗಾರ ಸತ್ತರೆ 30 ತಿಂಗಳ ಕೂಲಿ ಅಥವಾ 2,500 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ತಿಂಗಳಿಗೆ 15 ರೂಪಾಯಿ ದುಡಿಯುವವನು ಸತ್ತರೆ ಮನೆಗೆ ಬರುತ್ತಿದ್ದುದು 450 ರೂಪಾಯಿ. ಬಾಲಕಾರ್ಮಿಕ ಸತ್ತರೆ ಕೇವಲ 200 ರೂಪಾಯಿ. ಗಾಯಗೊಂಡವನಿಗೆ ಮೊದಲ ಹತ್ತು ದಿನ ಏನೂ ಇಲ್ಲ. ಈ ಅವಧಿಯನ್ನು 1933ರಲ್ಲಿ ಏಳು ದಿನಕ್ಕೆ, 1959ರಲ್ಲಿ ಮೂರು ದಿನಕ್ಕೆ ಇಳಿಸಲಾಯಿತು.

ಕಾಯಿದೆಗೆ ಹಚ್ಚಿದ ಒಂದು ಪಟ್ಟಿಯಲ್ಲಿ ಮನುಷ್ಯನ ಅಂಗಾಂಗಗಳಿಗೆ ಶೇಕಡಾವಾರು ಬೆಲೆ ಕಟ್ಟಲಾಗಿತ್ತು. ಮೊಣಕೈಯವರೆಗೆ ಬಲಗೈ ಹೋದರೆ ಶೇ. 70, ಎಡಗೈ ಹೋದರೆ ಶೇ. 60. ಒಂದು ಕಣ್ಣಿಗೆ ಶೇ. 30, ಹೆಬ್ಬೆರಳಿಗೆ ಶೇ. 25, ತೋರುಬೆರಳಿಗೆ ಶೇ. 10. ಎಡಚರು ಈ ಪಟ್ಟಿಯನ್ನು ಓದಿದ್ದರೆ ಏನೆನ್ನುತ್ತಿದ್ದರೋ! ಮುಂದೆ ಪಟ್ಟಿ ಪರಿಷ್ಕೃತವಾಗಿ ಬಲ, ಎಡ ಎಂಬ ಭೇದ ಹೋಯಿತು. ಒಂದು ಹಸ್ತಕ್ಕೆ ಶೇ. 60, ಒಂದು ಕಣ್ಣಿಗೆ ಶೇ. 40, ಹೆಬ್ಬೆರಳಿಗೆ ಶೇ. 30 ಎಂದಾಯಿತು.

ಇನ್ನು ನಮ್ಮ ಸೀಮೆಯ ವಿಶೇಷಕ್ಕೆ ಬರೋಣ. ಇಲ್ಲಿನ ದುಡಿಮೆ ಹಂಗಾಮಿನದು. ಹತ್ತಿ ಬಂದಾಗ ಜಿನ್ನಿಂಗ್ ಫ್ಯಾಕ್ಟರಿ ಹಗಲಿರುಳು ನಡೆಯುತ್ತದೆ, ಹಂಗಾಮು ಮುಗಿದರೆ ಬಾಗಿಲು ಹಾಕುತ್ತದೆ. ಮೆಣಸಿನಕಾಯಿಯ ಕಥೆಯೂ ಅದೇ. ಆದರೆ ಕಾನೂನು ಮಾಡುವವರ ಕಣ್ಣಮುಂದೆ ಇದ್ದದ್ದು ವರ್ಷವಿಡೀ ಭೋಂಗಾ ಊದುವ ಮುಂಬಯಿಯ ದೊಡ್ಡ ಗಿರಣಿ. 1881ರ ಕಾರ್ಖಾನೆ ಕಾಯಿದೆ ವರ್ಷಕ್ಕೆ ನಾಲ್ಕು ತಿಂಗಳಿಗಿಂತ ಕಡಿಮೆ ನಡೆಯುವ ಕಾರ್ಖಾನೆಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅವು ಒಳಗೆ ಬಂದದ್ದು 1911ರಲ್ಲಿ.

ಸ್ವಾತಂತ್ರ್ಯದ ನಂತರ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ, ಅಂದರೆ ಜನ ಇ.ಎಸ್.ಐ. ಎನ್ನುವ ವ್ಯವಸ್ಥೆ ಬಂತು. ಕಾರ್ಮಿಕ ಮತ್ತು ಮಾಲೀಕ ಇಬ್ಬರೂ ವಂತಿಗೆ ಕಟ್ಟುತ್ತಾರೆ. ಆಸ್ಪತ್ರೆ, ಔಷಧ, ಗಾಯವಾದರೆ ನಿಯತವಾದ ಹಣ, ಎಲ್ಲವೂ ವಿಮೆಯಿಂದ ದೊರೆಯುತ್ತದೆ. ಮಾಲೀಕನ ಬೆನ್ನು ಹತ್ತಿ ಕೋರ್ಟಿಗೆ ಅಲೆಯಬೇಕಿಲ್ಲ. ಆದರೆ ಹಂಗಾಮಿನ ಕಾರ್ಖಾನೆಗಳನ್ನು ಈ ಕಾಯಿದೆ ಹೊರಗಿಟ್ಟಿತು. ಹಾಗೆ ಹೊರಗುಳಿದ ಉದ್ಯಮಗಳ ಪಟ್ಟಿಯ ಆರಂಭದಲ್ಲೇ ಇರುವುದು ಹತ್ತಿಯ ಜಿನ್ನಿಂಗ್. ಅದರ ಹಿಂದೆ ಹತ್ತಿ ಪ್ರೆಸ್ಸಿಂಗ್, ಶೇಂಗಾ ಸುಲಿಯುವುದು, ಸಕ್ಕರೆ, ಬೆಲ್ಲ. ಅರ್ಥಾತ್ ರಾಣೆಬೆನ್ನೂರಿನ ಜಿನ್ನಿಂಗ್ ಯಂತ್ರದಲ್ಲಿ ಬೆರಳು ಕಳೆದುಕೊಂಡವನಿಗೆ ಇ.ಎಸ್.ಐ. ಆಸರೆ ಇಲ್ಲ, 1923ರ ಹಳೆಯ ಕಾಯಿದೆಯೇ ಗತಿ. ಬೇರೆ ಊರುಗಳಲ್ಲಿ ಈ ಕಾಯಿದೆ ಹಿಂದಕ್ಕೆ ಸರಿದರೂ ಹಾವೇರಿ ಸೀಮೆಯಲ್ಲಿ ಅದು ಜೀವಂತವಾಗಿ ಉಳಿದದ್ದು ಈ ಕಾರಣದಿಂದ.

ಆ ಹಳೆಯ ಕಾಯಿದೆಯಲ್ಲಿಯೂ ಒಂದು ತೊಡಕಿತ್ತು. ಸಾಂದರ್ಭಿಕವಾಗಿ ಕೆಲಸಕ್ಕೆ ಬಂದ, ಮತ್ತು ಮಾಲೀಕನ ವ್ಯಾಪಾರಕ್ಕೆ ಸಂಬಂಧವಿಲ್ಲದ ಕೆಲಸ ಮಾಡುವ ವ್ಯಕ್ತಿ ‘ಕೆಲಸಗಾರ’ನಲ್ಲ ಎಂದು ಅದು ಹೇಳುತ್ತಿತ್ತು. ಎರಡು ಷರತ್ತುಗಳೂ ಕೂಡಿದ್ದರೆ ಮಾತ್ರ ಅವನು ಹೊರಗೆ. ಮೆಣಸಿನಕಾಯಿ ವ್ಯಾಪಾರಿಯ ಮನೆಯ ಕಿಟಕಿ ರಿಪೇರಿಗೆ ಒಂದು ದಿನ ಬಂದವನು ಹೊರಗಿನವನು; ಅವನ ಅಂಗಡಿಯಲ್ಲಿ ಒಂದೇ ವಾರ ಚೀಲ ಹೊತ್ತವನು ಒಳಗಿನವನು. ಆದರೆ ವಾದ ಮಾಡುವವರು ಮೊದಲರ್ಧವನ್ನೇ ಹಿಡಿದು, ‘ಇವನು ದಿನಗೂಲಿ, ಇಂದು ಬಂದ, ನಾಳೆ ಇಲ್ಲ’ ಎನ್ನಲು ಅವಕಾಶವಿತ್ತು. 2000ದ ತಿದ್ದುಪಡಿ ಈ ವಾಕ್ಯವನ್ನೇ ತೆಗೆದುಹಾಕಿತು. ಪತ್ರಿಕೆಗಳು ಅಂದು ಏರಿದ ಮೊತ್ತವನ್ನು ಎತ್ತಿ ಹೇಳಿರಬಹುದು. ನನ್ನ ದೃಷ್ಟಿಯಲ್ಲಿ ಬ್ಯಾಡಗಿಯ ಹಮಾಲನಿಗೆ ಅದಕ್ಕಿಂತ ದೊಡ್ಡದು ಈ ಅಳಿಸುವಿಕೆ.

ಮೊತ್ತದ ಮಾತನ್ನೂ ಹೇಳಿ ಮುಗಿಸಬೇಕು. ತಿಂಗಳಿಗೆ 300 ರೂಪಾಯಿಗಿಂತ ಹೆಚ್ಚು ಸಂಬಳದವರಿಗೆ ಕಾಯಿದೆ ಇಲ್ಲ ಎಂಬ ಮಿತಿ ಆರಂಭದಲ್ಲಿತ್ತು. ಆ ಮಿತಿ ಏರುತ್ತ ಹೋಗಿ 1984ರಲ್ಲಿ ರದ್ದಾಯಿತು. ಅದೇ ವರ್ಷ ಲೆಕ್ಕದ ಪದ್ಧತಿಯೂ ಬದಲಾಯಿತು. ತಿಂಗಳ ಕೂಲಿಯ ಒಂದು ಪಾಲನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಎಳೆಯ ವಯಸ್ಸಿನವನಿಗೆ ದುಡಿಯುವ ವರ್ಷಗಳು ಹೆಚ್ಚು ಉಳಿದಿರುವುದರಿಂದ ಅವನ ಗುಣಕ ದೊಡ್ಡದು. ಸಾವಿಗೆ ಕನಿಷ್ಠ ಪರಿಹಾರ 1984ರಲ್ಲಿ 20,000 ರೂಪಾಯಿ, 1995ರಲ್ಲಿ 50,000, 2000ದಲ್ಲಿ 80,000, 2009ರ ತಿದ್ದುಪಡಿಯಲ್ಲಿ 1,20,000. ಆ ಕೊನೆಯ ತಿದ್ದುಪಡಿ ಕಾಯಿದೆಯ ಹೆಸರನ್ನೂ ‘ನೌಕರರ ಪರಿಹಾರ ಕಾಯಿದೆ’ ಎಂದು ಬದಲಿಸಿತು, ಚಿಕಿತ್ಸೆಯ ನಿಜವಾದ ವೆಚ್ಚವನ್ನೂ ಸೇರಿಸಿತು. ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯನ್ನು 2020ರ ಜನವರಿಯಲ್ಲಿ 8,000ದಿಂದ 15,000 ರೂಪಾಯಿಗೆ ಏರಿಸಲಾಯಿತು. 40 ವರ್ಷದವರ ಗುಣಕ 184.17. ಆ ವಯಸ್ಸಿನವರು ಸತ್ತರೆ 15,000ದ ಅರ್ಧ 7,500ನ್ನು ಅದರಿಂದ ಗುಣಿಸಿ 13,81,275 ರೂಪಾಯಿ. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು.

ಗಣಿತ ಸುಲಭ, ಅದಕ್ಕೆ ಮೊದಲಿನ ಹೆಜ್ಜೆ ಕಷ್ಟ. ತೊಟ್ಟು ಬಿಡಿಸುವ ಹೆಂಗಸಿಗೆ ಕೂಲಿ ಸಿಗುವುದು ತೂಕದ ಮೇಲೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಅವಳು ಯಾರ ಕೆಲಸದಲ್ಲಿದ್ದಳು, ತಿಂಗಳಿಗೆ ಎಷ್ಟು ದುಡಿಯುತ್ತಿದ್ದಳು ಎಂಬುದನ್ನು ಮೊದಲು ಸ್ಥಾಪಿಸಬೇಕು. ತಿಂಗಳು ತುಂಬದವರ ಕೂಲಿಯನ್ನು ಅದೇ ಕೆಲಸ ಮಾಡುವ ಇತರರ ಗಳಿಕೆಯಿಂದ ಅಂದಾಜು ಮಾಡಬಹುದೆಂದು ಕಾಯಿದೆ ದಾರಿ ತೋರಿಸಿತ್ತು. ಗುತ್ತಿಗೆದಾರನ ಮೂಲಕ ಬಂದವರಿಗೂ ಮೂಲ ಮಾಲೀಕನೇ ಹೊಣೆ ಎಂದೂ ಹೇಳಿತ್ತು. ಇಂಥ ಅರ್ಜಿಗಳನ್ನು ಕರ್ನಾಟಕದಲ್ಲಿ ಬಹುಕಾಲ ಕಾರ್ಮಿಕ ಅಧಿಕಾರಿಗಳೇ ಆಯುಕ್ತರಾಗಿ ಕೇಳುತ್ತಿದ್ದರು, ಮುಂದೆ ಹಿರಿಯ ಸಿವಿಲ್ ನ್ಯಾಯಾಧೀಶರು ಕೇಳತೊಡಗಿದರು. ಮೇಲ್ಮನವಿಗೆ ಬೆಂಗಳೂರಿಗೇ ಹೋಗಬೇಕಾಗಿದ್ದ ಕಷ್ಟ 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟ್ ಪೀಠ ಆರಂಭವಾದ ಮೇಲೆ ಕಡಿಮೆಯಾಯಿತು.

ಅಂಗಗಳ ಪಟ್ಟಿಯನ್ನು ಕುರುಡಾಗಿ ಅನ್ವಯಿಸಬಾರದೆಂದು ನ್ಯಾಯಾಲಯಗಳು ಕಲಿಸಿದವು. 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಎಡಗೈ ಕಳೆದುಕೊಂಡ ಒರಿಸ್ಸಾದ ಬಡಗಿಯೊಬ್ಬನ ಮೊಕದ್ದಮೆ ಇತ್ತು. ಪಟ್ಟಿಯ ಪ್ರಕಾರ ಅದು ಆಂಶಿಕ ಊನ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ಅವನ ಪಾಲಿಗೆ ಅದು ಪೂರ್ಣ ಊನ ಎಂದು ಕೋರ್ಟು ಹೇಳಿತು. 2008ರಲ್ಲಿ ಬಲಗಾಲು ಕಳೆದುಕೊಂಡ ಕರ್ನಾಟಕದ ಟ್ಯಾಂಕರ್ ಚಾಲಕನೊಬ್ಬನ ವಿಷಯದಲ್ಲಿಯೂ ಅದೇ ತತ್ವ ಎತ್ತಿ ಹಿಡಿಯಲ್ಪಟ್ಟಿತು. ಹೈಕೋರ್ಟು ಶೇ. 65ಕ್ಕೆ ಇಳಿಸಿದ್ದನ್ನು ಸುಪ್ರೀಂ ಕೋರ್ಟು ಮತ್ತೆ ನೂರಕ್ಕೆ ನೂರು ಮಾಡಿತು.

ಕಾಯಿಲೆಯೂ ಒಂದು ಬಗೆಯ ಗಾಯವೇ. ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಉದ್ಯೋಗಜನ್ಯ ಕಾಯಿಲೆಗಳ ಪಟ್ಟಿಗೆ ಸೇರಿತು. ಮೆಣಸಿನಕಾಯಿಯ ಘಾಟಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ.

2020ರ ಸಾಮಾಜಿಕ ಭದ್ರತಾ ಸಂಹಿತೆ 1923ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡು 2025ರ ನವೆಂಬರ್ 21ರಂದು ಜಾರಿಗೆ ಬಂತು. ಹಂಗಾಮಿನ ಕಾರ್ಖಾನೆಗಳು ಇದರಲ್ಲಿಯೂ ಇ.ಎಸ್.ಐ.ನಿಂದ ಹೊರಗೇ ಉಳಿದಿವೆ. ಹೊಸದಾಗಿ ಬಂದದ್ದು ದಾರಿಯ ಮಾತು. ಮನೆಯಿಂದ ಕೆಲಸಕ್ಕೆ ಹೋಗುವಾಗ, ಮರಳುವಾಗ ಆದ ಅಪಘಾತವೂ ಕೆಲಸಕ್ಕೆ ಸಂಬಂಧಪಟ್ಟದ್ದಾಗಿದ್ದರೆ ಪರಿಹಾರಕ್ಕೆ ಅರ್ಹ. ಹಳೆಯ ಕಾಯಿದೆಯ ಅರ್ಥವೂ ಅದೇ ಎಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿತ್ತು. ಅದು ನಸುಕಿನ ಪಾಳಿಗೆ ಮೋಟಾರ್ ಸೈಕಲ್ಲಿನಲ್ಲಿ ಹೊರಟು ದಾರಿಯಲ್ಲಿ ಸತ್ತ ಸಕ್ಕರೆ ಕಾರ್ಖಾನೆಯ ಕಾವಲುಗಾರನ ಪ್ರಕರಣ. ಸುತ್ತಲಿನ ಹಳ್ಳಿಗಳಿಂದ ಟೆಂಪೋದಲ್ಲಿ ಬ್ಯಾಡಗಿಗೆ ಬರುವ ಹೆಂಗಸರ ವಿಷಯದಲ್ಲಿ, ಆ ಪಯಣಕ್ಕೂ ಅಂದಿನ ಕೂಲಿಗೂ ಇರುವ ನಂಟನ್ನು ರುಜುವಾತುಪಡಿಸುವ ಕಾಗದ ಯಾವುದು ಎಂಬ ಪ್ರಶ್ನೆ ಈಗ ಆ ಅಧಿಕಾರಿಗಳ ಮುಂದಿದೆ.