ಪಟ್ಟೆ ನೋಡಿ ಹುಲಿ ಎಣಿಸಿದ ಕಥೆ

ಕಬಿನಿಯ ಹುಲಿ ಅಥವಾ ಕರಿಚಿರತೆಯ ಫೋಟೋ ಮೊಬೈಲಿಗೆ ಬಾರದ ಕನ್ನಡಿಗರು ನಮ್ಮಲ್ಲಿ ಕಡಿಮೆ. ಊರಿನಿಂದ ಯಾರೋ ಕಳಿಸುತ್ತಾರೆ, ನಾವು ಡ್ಯೂಟಿ ಬಸ್ಸಿನಲ್ಲಿ ಕೂತು ನೋಡಿ ಇನ್ನೊಂದು ಗ್ರೂಪಿಗೆ ದಾಟಿಸುತ್ತೇವೆ. ಚೆಂದದ ಫೋಟೋಗಳು, ಒಪ್ಪೋಣ. ಆದರೆ ಹುಲಿ ಉಳಿಸುವ ಕೆಲಸಕ್ಕೆ ಹೆಚ್ಚು ನೆರವಾದವು ಬೇರೆ ಥರದವು. ಕಾಡುದಾರಿಯ ಬದಿಯಲ್ಲಿ ಮರಕ್ಕೆ ಕಟ್ಟಿಟ್ಟ ಪೆಟ್ಟಿಗೆ ತಾನೇ ಕ್ಲಿಕ್ಕಿಸಿದ, ಗೋಡೆಗೆ ತೂಗುಹಾಕಲು ಬಾರದ ಫೋಟೋಗಳು ಅವು. ಅವುಗಳ ಚರಿತ್ರೆಯಲ್ಲಿ ನಮ್ಮ ನಾಗರಹೊಳೆಗೆ ದೊಡ್ಡ ಪಾಲಿದೆ.

ಭಾರತದಲ್ಲಿ ಇದಕ್ಕೆ ದಾರಿ ಹಾಕಿದವರು ಬ್ರಿಟಿಷರ ಕಾಲದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್. 1920ರ ದಶಕದಲ್ಲಿ ಉತ್ತರದ ಕಾಡುಗಳಲ್ಲಿ ಅವರು ದಾರಿಗೆ ಅಡ್ಡಲಾಗಿ ತಂತಿ ಕಟ್ಟುತ್ತಿದ್ದರು. ರಾತ್ರಿ ಹುಲಿಯ ಕಾಲು ತಾಗಿದರೆ ಫ್ಲಾಶ್ ಹೊತ್ತಿ ಫೋಟೋ ಆಗುತ್ತಿತ್ತು. ಉಳಿದ ಸಾಹೇಬರು ಕೋವಿ ಹಿಡಿದು ತಿರುಗುತ್ತಿದ್ದ ಕಾಲವದು. ಅವರ ಹುಲಿ ಫೋಟೋಗಳ ಪುಸ್ತಕ ಬಂದದ್ದು 1927ರಲ್ಲಿ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ ಎಂದು ಅವರು ಆಗಲೇ ಗುರುತಿಸಿದ್ದರು.

1973ರಲ್ಲಿ ಹುಲಿ ಯೋಜನೆ ಬಂತು. ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಆದರೆ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ಗುರುತಿನಿಂದ. ಫಾರೆಸ್ಟ್ ಗಾರ್ಡ್ ಮಣ್ಣಿನ ಮೇಲಿನ ಹೆಜ್ಜೆಗೆ ಗಾಜು ಹಿಡಿದು ಅದರ ಅಚ್ಚು ಬರೆದುಕೊಳ್ಳುತ್ತಿದ್ದ. ಯಾವ ಹೆಜ್ಜೆ ಯಾವ ಹುಲಿಯದೆಂದು ಮೇಲಿನವರು ತೀರ್ಮಾನಿಸುತ್ತಿದ್ದರು. ಕೆಸರಿನಲ್ಲಿ ಒಂದು ಥರ, ದೂಳಿನಲ್ಲಿ ಇನ್ನೊಂದು ಥರ ಬೀಳುವ ಹೆಜ್ಜೆ ಅದು. ಆ ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸುವ ಹಾಗಿರಲಿಲ್ಲ. ಆಸ್ಪತ್ರೆಯ ಫಾರ್ಮಸಿಯಲ್ಲಿರುವ ನಮಗೆ ಇದರ ಅಪಾಯ ಬೇಗ ತಿಳಿಯುತ್ತದೆ. ರಿಜಿಸ್ಟರಿನಲ್ಲಿ ನೂರು ಆಂಪ್ಯೂಲ್ ಎಂದಿದ್ದರೆ ಸಾಲದು, ಕಪಾಟಿನ ಬೀಗ ತೆಗೆದು ಎಣಿಸಬೇಕು. ಹುಲಿಯ ಲೇಬಲ್ಲಂತೂ ಅದರ ಮೈಮೇಲೇ ಅಚ್ಚಾಗಿದೆ!

ಆ ಲೇಬಲ್ ಓದಿ ಎಣಿಸುವ ವಿಧಾನ ರೂಪಿಸಿದವರು ಉಲ್ಲಾಸ ಕಾರಂತ. ಶಿವರಾಮ ಕಾರಂತರ ಮಗ, ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1990ರ ದಶಕದ ಆರಂಭದಲ್ಲಿ ನಾಗರಹೊಳೆಯ ದಾರಿಗಳಲ್ಲಿ ಎದುರುಬದುರಾಗಿ ಎರಡೆರಡು ಕ್ಯಾಮೆರಾ ಇಟ್ಟರು. ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನಂತಿರುವುದಿಲ್ಲ, ಅದಕ್ಕೇ ಎರಡು. ಆಮೇಲಿನದು ಲೆಕ್ಕಾಚಾರ. ಮೊದಲ ಸುತ್ತಿನಲ್ಲಿ ಸಿಕ್ಕ ಹುಲಿಗಳೇ ಮತ್ತೆ ಮತ್ತೆ ಸಿಕ್ಕರೆ ಕಣ್ಣಿಗೆ ಬೀಳದೆ ಉಳಿದವು ಕಡಿಮೆ. ಹೊಸ ಮುಖಗಳೇ ಬರುತ್ತಿದ್ದರೆ ಇನ್ನೂ ಬಹಳ ಇವೆ ಎಂದರ್ಥ. ಈ ಬಗ್ಗೆ ಅವರ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆ ಸೇರಿ ಮುಂದೆ ಅದನ್ನು ಇನ್ನಷ್ಟು ಬೆಳೆಸಿದರು.

ದೇಶ ಕಣ್ಣು ತೆರೆದದ್ದು ಮಾತ್ರ ತಡವಾಗಿ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದವು. 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇಲ್ಲವೆಂದು ಗೊತ್ತಾಯಿತು. ಕಳ್ಳಬೇಟೆಯವರು ಮುಗಿಸಿದ್ದರು. ಅದಾದ ಮೇಲೆ ಹೆಜ್ಜೆ ಲೆಕ್ಕ ಬಿಟ್ಟು, 2006ರ ಗಣತಿಯಲ್ಲಿ ಕ್ಯಾಮೆರಾ ಬಳಸಿದರು. ಹಿಂದಿನ ಗಣತಿಯಲ್ಲಿ 3,642 ಇದ್ದ ಸಂಖ್ಯೆ 1,411ಕ್ಕೆ ಇಳಿಯಿತು. ಅಷ್ಟೂ ಹುಲಿಗಳು ನಡುವಿನ ನಾಲ್ಕೈದು ವರ್ಷದಲ್ಲೇ ಸತ್ತವು ಎಂದಲ್ಲ. ಎಷ್ಟು ಸತ್ತವು, ಎಷ್ಟು ಮೊದಲಿಂದಲೂ ಇರಲೇ ಇಲ್ಲ ಎಂದು ಹೇಳಲು ಹಳೆಯ ಲೆಕ್ಕದಲ್ಲಿ ಆಧಾರವೇ ಇಲ್ಲ. ನಮಗೆ ಇಡೀ ಕಥೆಯಲ್ಲಿ ಹೆಚ್ಚು ಸಂಕಟವಾಗುವುದು ಇಲ್ಲಿಯೇ.

2018ರ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟರು. ಮೂರೂವರೆ ಕೋಟಿಯಷ್ಟು ಫೋಟೋ ಬಂದವು, ಅವುಗಳಲ್ಲಿ 2,461 ಬೇರೆ ಬೇರೆ ಹುಲಿಗಳು ಸಿಕ್ಕವು. 2022ರಲ್ಲಿ ಕರ್ನಾಟಕದ ಲೆಕ್ಕ 563, ಮಧ್ಯಪ್ರದೇಶದ ನಂತರ ನಾವೇ. ಆದರೂ ಕ್ಯಾಮೆರಾ ಇಡದ ಕಡೆಗೂ ಲೆಕ್ಕವನ್ನು ಹಿಗ್ಗಿಸುವ ಸರ್ಕಾರಿ ಕ್ರಮವನ್ನು ಕಾರಂತರು ಟೀಕಿಸುತ್ತಲೇ ಬಂದಿದ್ದಾರೆ. ಫೋಟೋದ ಉಪಯೋಗ ಎಣಿಕೆಗೇ ನಿಲ್ಲುವುದಿಲ್ಲ. ಹುಲಿಯ ಚರ್ಮ ಸಿಕ್ಕಿಬಿದ್ದರೆ, ಹಳೆಯ ಫೋಟೋಗಳೊಂದಿಗೆ ಪಟ್ಟೆ ಹೋಲಿಸಿ ಅದು ಯಾವ ಕಾಡಿನ ಹುಲಿಯೆಂದು ಪತ್ತೆ ಮಾಡಬಹುದು.

ನಾಗರಹೊಳೆಯಿಂದ ಹೊರಬಂದ ಜೇನುಕುರುಬರ ಪಾಡು ಮಾತ್ರ ಈ ಫೋಟೋಗಳಲ್ಲಿ ಕಾಣುವುದಿಲ್ಲ. ಅದಕ್ಕೆ ಬೇರೆಯೇ ಲೇಖನ ಬೇಕು.

ಕೊನೆಗೆ, ನಾವಿರುವ ಕಡೆಯದೇ ಒಂದು ಸಂಗತಿ. ಖರೀಫ್ ಮಳೆ ನೋಡಲು ನಮ್ಮವರು ಸಲಾಲಾಕ್ಕೆ ಹೋಗುತ್ತಾರಲ್ಲ, ಅದೇ ಧೋಫಾರ್ ಸೀಮೆಯ ಜಬಲ್ ಸಮ್ಹಾನ್ ಬೆಟ್ಟಗಳಲ್ಲಿ ಅರೇಬಿಯನ್ ಚಿರತೆಗಳು ಇನ್ನೂ ಉಳಿದಿವೆ. ಅಲ್ಲಿಯೂ ಕಲ್ಲುಬಂಡೆಗಳ ನಡುವೆ ಇಂಥವೇ ಕ್ಯಾಮೆರಾ ಇಟ್ಟಿದ್ದಾರೆ. ಪಟ್ಟೆಯ ಬದಲು ಚುಕ್ಕೆ ನೋಡಿ ಗುರುತಿಸುತ್ತಾರೆ.