‘ರೈಟ್ ಆಫ್’ ಅಂದ್ರೆ ಸಾಲ ಮನ್ನಾನಾ?

ಬಟವಾಡಿ ಸ್ಟಾಪ್ ಬಂದಾಗ ನಮ್ಮಲ್ಲಿ ಎಷ್ಟೋ ಜನ ಫೋನಿನಲ್ಲಿ ‘ಗೆಟ್ಟಿಂಗ್ ಡೌನ್’ ಅಂತೀವಿ. ಇಂಗ್ಲೆಂಡಿನವರು ‘ಗೆಟ್ಟಿಂಗ್ ಆಫ್’ ಅಂತಾರೆ. ಕನ್ನಡದ ‘ಇಳಿ’ಯಲ್ಲೇ ‘ಕೆಳಕ್ಕೆ’ ಅನ್ನೋದು ಸೇರಿಕೊಂಡಿದೆ, ಅದಕ್ಕೇ ನಮಗೆ ‘ಡೌನ್’ ಬರುತ್ತೆ. ‘ಡಿಸ್ಕಸ್ ಅಬೌಟ್’ ಕೂಡ ‘ಅದರ ಬಗ್ಗೆ ಚರ್ಚಿಸೋಣ’ ಅನ್ನೋದರ ನೆರಳು. ಇವುಗಳಿಂದ ಯಾರಿಗೂ ನಷ್ಟ ಇಲ್ಲ. ಆದರೆ ದುಡ್ಡಿಗೇ ಕುತ್ತು ತರೋ ಪುಟ್ಟ ಪದವೂ ಒಂದಿದೆ.

ಇಂಗ್ಲಿಷಿನ ಈ ಗೋಜಲು ಹಳೇದು. 1755ರಲ್ಲಿ ಸ್ಯಾಮ್ಯುಯಲ್ ಜಾನ್ಸನ್ ತನ್ನ ನಿಘಂಟಿನ ಮುನ್ನುಡಿಯಲ್ಲೇ, ಕ್ರಿಯಾಪದದ ಹಿಂದೆ ಬರೋ ಆಫ್, ಇನ್, ಔಟ್‌ಗಳು ಹೊರಗಿನವರಿಗೆ ತುಂಬಾ ಕಷ್ಟ ಅಂತ ಒಪ್ಪಿಕೊಂಡಿದ್ದ. ಇವಕ್ಕೆ ‘ಫ್ರೇಸಲ್ ವರ್ಬ್’ ಅನ್ನೋ ಹೆಸರನ್ನ ಲೋಗನ್ ಪಿಯರ್ಸಲ್ ಸ್ಮಿತ್ 1925ರ ಪುಸ್ತಕದಲ್ಲಿ ಬಳಕೆಗೆ ತಂದ. ಪೊಲೀಸರು ಒಬ್ಬನನ್ನ ‘ಸರ್ಚ್’ ಮಾಡಿದ್ರೆ ಜೇಬು ತಡಕಿದ್ರು ಅಂತ. ‘ಸರ್ಚ್ ಫಾರ್’ ಅಂದ್ರೆ ಅವನು ಇನ್ನೂ ಸಿಕ್ಕಿಲ್ಲ!

ಕನ್ನಡ ಈ ಕೆಲಸವನ್ನ ಬೇರೆ ಥರ ಮಾಡುತ್ತೆ. ಒಂದು, ನಾಮಪದಕ್ಕೆ ಅಂಟೋ ಅನ್ನು, ಇಂದ, ಗೆ, ಅಲ್ಲಿ ಅನ್ನೋ ವಿಭಕ್ತಿಗಳು. 13ನೇ ಶತಮಾನದಲ್ಲೇ ಕೇಶಿರಾಜ ಇವನ್ನ ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ. ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ‘ಕನ್ನಡ ಮಧ್ಯಮ ವ್ಯಾಕರಣ’ ಬರೆದು ವಿದ್ಯಾರ್ಥಿಗಳಿಗೆ ದಾಟಿಸಿದರು. ಎರಡು, ಕ್ರಿಯಾಪದದ ಹಿಂದೆ ಇನ್ನೊಂದು ಕ್ರಿಯಾಪದ. ಬಾಗಿಲು ‘ತೆಗೆ’ ಬೇರೆ, ಕಾಸು ‘ತಗೋ’ ಬೇರೆ. ಗುಟ್ಟು ‘ಹೇಳಿಬಿಟ್ಟ’ ಬೇರೆ, ಕಷ್ಟ ‘ಹೇಳಿಕೊಂಡ’ ಬೇರೆ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ನಾನು ಬಿ.ಕಾಂ ಓದಿದವನು, ‘ರೈಟ್ ಆಫ್’ ಲೆಕ್ಕ ಬರೆದಿದ್ದೀನಿ. ಬರೋ ಭರವಸೆ ಇಲ್ಲದ ಸಾಲವನ್ನ ಬ್ಯಾಂಕು ತನ್ನ ಆಸ್ತಿ ಪಟ್ಟಿಯಿಂದ ತೆಗೆಯೋದು ಅಷ್ಟೇ. ಸಾಲಗಾರನ ಹೊಣೆ ಹಾಗೇ ಇರುತ್ತೆ, ವಸೂಲಿಯೂ ನಡೆಯುತ್ತೆ. ‘ವೇವ್’ ಮಾಡಿದ್ರೆ ಮಾತ್ರ ಅದು ಮನ್ನಾ. ಕೇಂದ್ರ 2008ರಲ್ಲಿ, ನಮ್ಮ ರಾಜ್ಯ 2018ರಲ್ಲಿ ರೈತರಿಗೆ ಘೋಷಿಸಿದ್ದು ಅದು. ನಮ್ಮ ಸುದ್ದಿಗಳಲ್ಲಿ ಎಷ್ಟೋ ಸಲ ಎರಡಕ್ಕೂ ‘ಮನ್ನಾ’ ಅಂತಲೇ ಬರುತ್ತೆ. ಅದರಿಂದ ಎರಡು ತಪ್ಪು ಆಗುತ್ತೆ. ದೊಡ್ಡ ಕಂಪನಿಯವರು ಸಾಲ ತೀರಿಸೋದೇ ಬೇಡ ಅಂತ ಜನ ಅಂದುಕೊಳ್ತಾರೆ. ಗುಬ್ಬಿಯಲ್ಲೋ ಕುಣಿಗಲ್ಲಲ್ಲೋ ಒಬ್ಬ ರೈತ ತನ್ನ ಸಾಲ ‘ರೈಟ್ ಆಫ್’ ಆಯ್ತು ಅಂತ ಕೇಳಿ ನಿಶ್ಚಿಂತೆಯಿಂದ ಇದ್ದರೆ, ಆಮೇಲೆ ಮನೆಗೆ ನೋಟಿಸ್ ಬರುತ್ತೆ.

ಹಾಗಾಗಿ ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಸಾಲ ‘ಹೋಯ್ತು’ ಅಂತ ಗೊತ್ತಾದ್ರೆ ಒಂದು ಪ್ರಶ್ನೆ ಕೇಳಿ: ಹೋಗಿದ್ದು ಬ್ಯಾಂಕಿನ ಪುಸ್ತಕದಿಂದಾನಾ, ನಮ್ಮ ತಲೆ ಮೇಲಿಂದಾನಾ? ತಲೆ ಮೇಲಿಂದ ಹೋಗಿದ್ರೆ ‘ನೋ ಡ್ಯೂ ಸರ್ಟಿಫಿಕೇಟ್’ ಕೇಳಿ ಪಡೀರಿ. ಮುಂದಿನ ಕಂತಿನಲ್ಲಿ ಸಿಗೋಣ.